ಮುಂಗಾಲಿಗೆ ನಾಲ್ಕು ಬೆರಳು

ಅಳಿಲುಗಳು ರಸ್ತೆ ದಾಟಲೆಂದು ಕಟ್ಟಿದ ಹಗ್ಗದ ಸೇತುವೆಯ ಆಚೆ ತುದಿಗೆ, ಶಾಯಿ ಹಚ್ಚಿದ ಪಟ್ಟಿಯ ಮುಂದೆ ಅಂಟಿಸಿದ್ದ ಹಾಳೆಯಲ್ಲಿ, ಏಳು ತಿಂಗಳ ಬಳಿಕ, ಮೊದಲ ಬಾರಿಗೆ ಶಾಯಿಯ ಹೆಜ್ಜೆಗಳು ಮೂಡಿದ್ದವು.

"ನೋಡಿ ಅಳಿಲು ಮೇಡಂ, ಕೊನೆಗೂ ದಾಟೇಬಿಟ್ವು!" ಸೇತುವೆಗೆ ನಕ್ಷೆ ಬರೆದಿದ್ದ ಉದ್ಯಾನ ಕಚೇರಿಯ ನಕ್ಷೆಗಾರ ಏಣಿಯಿಂದಲೇ ಕೂಗಿದ. ಅವನ ಮುಖದಲ್ಲಿ ಕಳ್ಳ ಸಂಭ್ರಮ. ಅವಳು ನೋಡಿದೊಡನೆ ಕಣ್ಣು ತಪ್ಪಿಸಿದ. ಮತ್ತೆ ತಾನೇ ಕದ್ದು ನೋಡಿದ.

ಅಳಿಲುಗಳನ್ನು ಎಣಿಸುವುದು ಅವಳ ಉದ್ಯೋಗ. ನಾಲ್ಕು ರಸ್ತೆಗಳ ನಡುವಿನ ಆ ಪುಟ್ಟ ಪಾರ್ಕಿನಲ್ಲಿ ಹದಿನಾಲ್ಕಿದ್ದವು. ಒಂದೊಂದನ್ನೂ ಹಿಡಿದು, ಬಾಲಕ್ಕೆ ಬಣ್ಣ ಹಚ್ಚಿ ಬಿಟ್ಟಿದ್ದಳು. ಒಂದೂ ಆಚೆಯ ದೊಡ್ಡ ತೋಪಿಗೆ ಹೋಗಲಿಲ್ಲ; ಅಲ್ಲಿಂದ ಒಂದೂ ಬರಲಿಲ್ಲ. ನಕ್ಷೆಯ ಮೇಲೆ ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕೆಯಿಟ್ಟು, ಪುಣ್ಯ ಕಟ್ಟಿಕೊಂಡೆವೆಂದು ಬೀಗುವವರಿಗೆ ಏನೆನ್ನಬೇಕು? ಚುಕ್ಕೆಗಳನ್ನು ಕೂಡಿಸುವ ದಾರಿಯಿಲ್ಲದಿದ್ದರೆ ಅದು ಎಲೆ ಹೊದಿಸಿದ ಸೆರೆಮನೆಯಷ್ಟೇ. ತಿಂಗಳ ಕೊನೆಯೊಳಗೆ ಒಂದಾದರೂ ದಾಟದಿದ್ದರೆ ಸೇತುವೆಯನ್ನು ಬಿಚ್ಚಿಸುವುದಾಗಿ ಸಾಹೇಬರು ಹೇಳಿದ್ದರು. ಆಮೇಲೆ ಅವಳಿಗೂ ಈ ಊರಿನಲ್ಲಿ ಕೆಲಸವಿಲ್ಲ.

ಅವನು ಬಿಡಿಸಿ ಕೆಳಗೆ ಚಾಚಿದ ಹಾಳೆಗೆ ಅವಳು ಭೂತಗನ್ನಡಿ ಹಿಡಿದಳು. ಅವಳ ಮುಖದ ನಗು ಮೆಲ್ಲಗೆ ಆರಿತು.

"ಈ ಚಿಕ್ಕವು ಮುಂಗಾಲಾ?"

"ಹೂಂ ಮತ್ತೆ!"

"ಅಳಿಲಿನ ಮುಂಗಾಲಿಗೆ ನಾಲ್ಕೇ ಬೆರಳು ರೀ. ಇಲ್ಲಿ ಐದಿವೆ. ಯಾವುದರಲ್ಲಿ ಕೆತ್ತಿದ್ರಿ?"

ಅವನು ಏಣಿಯಿಂದ ಇಳಿದು ಬಂದು ತಲೆ ತಗ್ಗಿಸಿದ. "ಪೆನ್ಸಿಲ್ ಅಳಿಸೋ ರಬ್ಬರಲ್ಲಿ. ನನ್ನ ಕೈ ನೋಡ್ಕೊಂಡೇ ಕೆತ್ತಿದೆ... ನೀವು ಹೊರಟುಬಿಡ್ತೀರಲ್ಲಾ ಅಂತ."

ಅವಳ ಎದೆ ಒಂದು ಗಳಿಗೆ ಕರಗಿತು. ಕರಗಿದ್ದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಪ್ರೀತಿಯ ಉಡುಪು ತೊಟ್ಟು ಬಂದ ಮಾತ್ರಕ್ಕೆ ಸುಳ್ಳು ಸತ್ಯವಾದೀತೆ?

"ಇದನ್ನ ಕೊಟ್ರೆ ಎಲ್ಲಾ ಸರಿಹೋಯ್ತು ಅಂತ ಫೈಲ್ ಮುಚ್ತಾರೆ. ಒಳಗಿರೋವು ಒಳಗೇ ಕೊನೆಯಾಗ್ತವೆ. ನನಗೋಸ್ಕರ ಅಂತ ಅವಕ್ಕೆ ಬೀಗ ಹಾಕ್ತೀರಾ?"

"ತಪ್ಪಾಯ್ತು."

"ಅವು ಯಾಕೆ ದಾಟಲ್ಲ ಗೊತ್ತಾ? ಹಗ್ಗದ ಆಚೆ ತುದಿ ಬೋಳು ದೀಪದ ಕಂಬಕ್ಕಿದೆ. ಎಲೆಯ ಮರೆ ಇಲ್ಲದ ಕಡೆ ಯಾವ ಅಳಿಲು ಕಾಲಿಡುತ್ತೆ? ಪಕ್ಕದಲ್ಲೇ ಅಷ್ಟು ದೊಡ್ಡ ಅತ್ತಿಮರ ಇದೆ, ಅದರ ಕೊಂಬೆ ತೋಪಿಗೇ ತಾಗುತ್ತೆ. ಅದನ್ನ ಯಾಕೆ ಬಿಟ್ರಿ?"

"ಅದು ನಮ್ಮ ಅಕ್ಕನ ಅಂಗಳದ ಮರ."

"ಕೇಳೋಕೇನು ಧಾಡಿ?"

"ಮರ ಯಾಕೋ ಅಂತಾಳೆ. ಅಳಿಲಿಗೆ ಅನ್ನಬೇಕು. ಅಳಿಲಿನ ಚಿಂತೆ ಯಾರಿಗೋ ಅಂದ್ರೆ ನಿಮ್ಮ ವಿಷಯ ಹೇಳಬೇಕು. ನಿಮ್ಮ ವಿಷಯ ಎತ್ತಿದ್ರೆ, ನನ್ನ ಮುಖ ನೋಡೇ..." ಅವನು ನಿಲ್ಲಿಸಿದ.

ತಾಯಿಯಿಲ್ಲದ ತಮ್ಮನನ್ನು ಸಾಕಿದ ಅಕ್ಕ. ಮೂವತ್ನಾಲ್ಕು ವರ್ಷವಾದರೂ ಅವಳೆಳೆದ ಗೆರೆ ದಾಟದ ತಮ್ಮ.

"ಹಾಗಾದ್ರೆ ಹದಿನಾಲ್ಕಲ್ಲ, ಒಳಗೆ ಹದಿನೈದಿವೆ" ಎಂದಳು.

ಅವನ ಕಿವಿ ಕೆಂಪಾಯಿತು. ಜೇಬಿನಿಂದ ಪೆನ್ನು ತೆಗೆದು, ಆ ಹಾಳೆಯ ಕೆಳಗೇ 'ಈ ಗುರುತುಗಳು ನಾನು ಒತ್ತಿದವು' ಎಂದು ಬರೆದು ಸಹಿ ಹಾಕಿ, ತಾನೇ ಸಾಹೇಬರಿಗೆ ಒಪ್ಪಿಸಿದ. ಬೈಗುಳ ಸಿಕ್ಕಿತು, ಮೆಮೋ ಸಿಕ್ಕಿತು. ಗಡುವಿಗೆ ಒಂಬತ್ತೇ ದಿನ ಉಳಿದಿತ್ತು. ಸಂಜೆ ಅವಳನ್ನು ಕರೆದುಕೊಂಡು ರಸ್ತೆ ದಾಟಿದ.

ಅಕ್ಕ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿದಳು. ಆಮೇಲೆ ಅವಳತ್ತ ತಿರುಗಿದಳು. "ಏನಮ್ಮಾ, ನೀನು ಮರ ಕೇಳೋಕೆ ಬಂದ್ಯೋ, ನನ್ನ ತಮ್ಮನ್ನ ಕೇಳೋಕೆ ಬಂದ್ಯೋ?"

"ಮೊದಲು ಮರ, ಅಕ್ಕ. ಇವರು ಸುಳ್ಳು ಬಿಟ್ಟಮೇಲೆ ಇವರು."

"ಕಿವಿ ಹಿಂಡು, ಬಿಡ್ತಾನೆ." ಅಕ್ಕ ತಮ್ಮನನ್ನು ದುರುಗುಟ್ಟಿ ನೋಡಿದಳು. "ಒಂದು ಕೊಂಬೆ ಕೇಳೋಕೆ ಏಳು ತಿಂಗಳೇನೋ? ನಾನೇನು ಹುಲಿನಾ?" ಗದರಿದ ಕಣ್ಣಿನಲ್ಲಿ ನೀರಾಡಿದ್ದನ್ನು ಇಬ್ಬರೂ ಕಂಡರು.

ಹಗ್ಗ ಅತ್ತಿಮರಕ್ಕೆ ಬಂತು. ಎಂಟು ದಿನ ಹಾಳೆ ಬಿಳಿಯಾಗಿಯೇ ಉಳಿಯಿತು. ಅವಳು ಪೆಟ್ಟಿಗೆ ಕಟ್ಟಿಟ್ಟಳು.

ಒಂಬತ್ತನೆಯ ಬೆಳಿಗ್ಗೆ ಏಣಿ ಹತ್ತಿದವನು ಕೂಗಲಿಲ್ಲ, ನಗಲಿಲ್ಲ. ಹಾಳೆಯನ್ನು ಕೆಳಗೆ ಚಾಚಿದ. "ನಾನೇನೂ ಹೇಳಲ್ಲ. ನೀವೇ ಎಣಿಸಿ."

ಅವಳು ಒಮ್ಮೆ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು.

"ಮುಂಗಾಲಿಗೆ ನಾಲ್ಕು" ಎಂದಳು. "ಹಿಂಗಾಲಿಗೆ ಐದು."

ಆಮೇಲೆ, ಕೆಳಗಿಳಿದು ಬಂದವನ ಕೈಯ ಐದೂ ಬೆರಳುಗಳನ್ನು ಹಿಡಿದುಕೊಂಡಳು. ಅವನ್ನು ಎಣಿಸುವ ಅಗತ್ಯ ಕಾಣಲಿಲ್ಲ.