ಆಯ್ತು ಎನ್ನದ ಬಾಯಿ

"ಆ ಹಿಟ್ಟಿಗೆ ಕೈ ಹಾಕ್ಬೇಡ ನೀನು."

ಅಡುಗೆಮನೆಯ ಬಾಗಿಲಲ್ಲಿ ನಿಂತು ಮಗಳು ಹಾಗೆಂದಾಗ ಅಮ್ಮನ ಕೈ ಡಬ್ಬಿಯ ಮುಚ್ಚಳದ ಮೇಲೇ ನಿಂತಿತು. ಮಾರನೆಯ ದಿನ ಭಾನುವಾರ, ತೀರಿಕೊಂಡ ಅಜ್ಜಿಯ ಸ್ಮರಣೆಗೆಂದು ಚರ್ಚಿನಲ್ಲಿ ವಿಶೇಷ ಆರಾಧನೆ. ಆರಾಧನೆಯಲ್ಲಿ ಎಲ್ಲರೂ ಹಂಚಿಕೊಳ್ಳುವ ಪ್ರಭುಭೋಜನದ ರೊಟ್ಟಿ ಸೊಸೆಯ ಕೈಯಿಂದಲೇ ಬರಲಿ, ಅತ್ತೆಯ ಸೇವೆಯನ್ನು ಅವಳೇ ಮುಂದುವರಿಸಲಿ ಎಂದು ಪಾದ್ರಿಗಳು ಬೆಳಿಗ್ಗೆಯಷ್ಟೇ ಮನೆಗೆ ಬಂದು ಹೇಳಿಹೋಗಿದ್ದರು. ಅಮ್ಮ ಕಣ್ಣೊರೆಸಿಕೊಂಡು ಆಗಲಿ ಎಂದಿದ್ದಳು. ಆ ಕಣ್ಣೀರನ್ನು ಕಂಡು ಮಗಳಿಗೆ ಮೈಯೆಲ್ಲ ಉರಿದುಹೋಗಿತ್ತು.

ಅಜ್ಜಿಯನ್ನು ಇಡೀ ಬೀದಿ ರೊಟ್ಟಿಯಮ್ಮ ಎಂದೇ ಕರೆಯುತ್ತಿತ್ತು. ಗಂಡ ಸತ್ತ ಮೇಲೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿದು ಒಬ್ಬನೇ ಮಗನನ್ನು ಸಾಕಿದವಳು. ಮೈ ನುಗ್ಗಾಗಿ ಬಂದರೂ ಸಂಜೆಯ ಪ್ರಾರ್ಥನೆ ತಪ್ಪಿಸಿದವಳಲ್ಲ. ತಿಂಗಳಿಗೊಮ್ಮೆ ಶನಿವಾರ ಸಂಜೆ ಚರ್ಚಿಗೆ ರೊಟ್ಟಿ ಬೇಯಿಸುವುದು ಅವಳ ಪಾಲಿನ ಸೇವೆ. ಅದಕ್ಕೆ ಅವಳದೇ ಒಂದು ಕಟ್ಟಳೆಯಿತ್ತು. ಮನೆಯವರಲ್ಲಿ ಯಾರೊಬ್ಬರಿಗೆ ತನ್ನ ಮೇಲೆ ಮುನಿಸಿದ್ದರೂ ಹಿಟ್ಟು ಮುಟ್ಟುವಂತಿಲ್ಲ. ಕೈ ತೊಳೆಯುವ ಮುಂಚೆ ಒಬ್ಬೊಬ್ಬರ ಹತ್ತಿರವೂ ಹೋಗಿ, "ನನ್ನಿಂದ ತಪ್ಪಾಗಿದ್ರೆ ಮನ್ನಿಸ್ಬಿಡು" ಎನ್ನುವಳು. ಅವರು ಬಾಯಿಬಿಟ್ಟು ಆಯ್ತು ಅನ್ನಬೇಕು. ಮಗ ಪೇಪರಿನಿಂದ ತಲೆಯೆತ್ತದೆ ಆಯ್ತು ಎನ್ನುವನು. ಮೊಮ್ಮಗಳು ಮಾತ್ರ ಬೇಕೆಂದೇ ಸತಾಯಿಸುವಳು.

"ಮನ್ನಿಸಲ್ಲ ಹೋಗಜ್ಜಿ. ನಿನ್ನೆ ಜಡೆ ಎಷ್ಟು ಬಿಗಿಯಾಗಿ ಹಾಕಿದೆ ಗೊತ್ತಾ?"

"ಬಂದ್ಳಪ್ಪ ದೊಡ್ಡ ನ್ಯಾಯಾಧೀಶೆ. ನಿನಗೂ ಒಂದು ಪುಟ್ಟ ರೊಟ್ಟಿ ಬೇಯಿಸ್ತೀನಿ, ಬೇಗ ಆಯ್ತು ಅನ್ನೇ."

ಅಮ್ಮನೂ ಮೊದಮೊದಲು ಆಯ್ತು ಅನ್ನುತ್ತಿದ್ದಳು. ಆದರೆ ಅವಳ ಹೊಟ್ಟೆಯಲ್ಲೊಂದು ಕಿಚ್ಚು ಸದಾ ಉರಿಯುತ್ತಿತ್ತು. ಆ ಮನೆಗೆ ಬಂದು ತಲೆ ನರೆಯತೊಡಗಿದರೂ ಬೀದಿಯವರಿಗೆ ಅವಳು ಬರೀ ರೊಟ್ಟಿಯಮ್ಮನ ಸೊಸೆ. ಒಂದು ದಿನ ಚರ್ಚಿನ ಹೆಂಗಸರು ಊಟಕ್ಕೆ ಬಂದಿದ್ದಾಗ ಅಡುಗೆಗೆ ಉಪ್ಪು ಸಾಲದೆಂದು ಅಜ್ಜಿ ಎಲ್ಲರೆದುರು ಅಂದುಬಿಟ್ಟಳು. ಬಂದವರು ನಕ್ಕರು. ಆ ಶನಿವಾರ ಅಜ್ಜಿ ಬಂದು ಮನ್ನಿಸು ಎಂದಾಗ ಅಮ್ಮ ಆಯ್ತು ಅನ್ನಲಿಲ್ಲ. "ನಾಳೆ ನೋಡೋಣ" ಎಂದಳು.

ಅಷ್ಟೇ ಸಾಕಾಯಿತು. ಬೈಗುಳವಿಲ್ಲ, ಜಗಳವಿಲ್ಲ, ಅಡುಗೆಮನೆಗೆ ಬೀಗವಿಲ್ಲ... ಅತ್ತೆಯ ಭಕ್ತಿಯೇ ಸೊಸೆಯ ಕೈಗೆ ಕೋಲಾಗಿ ಸಿಕ್ಕಿತು! ಅಜ್ಜಿ ಹಿಟ್ಟು ಮುಟ್ಟಲಿಲ್ಲ. ಅಮ್ಮ ಅಂಗಡಿಯಿಂದ ರೊಟ್ಟಿ ತಂದು, ಅಜ್ಜಿ ಯಾವಾಗಲೂ ರೊಟ್ಟಿ ಕಟ್ಟುತ್ತಿದ್ದ ಬಿಳಿ ಬಟ್ಟೆಯಲ್ಲೇ ಸುತ್ತಿ ಚರ್ಚಿಗೆ ಕಳಿಸಿದಳು. ಮುಂದಿನ ತಿಂಗಳೂ ಅದೇ, ಮುಂದಿನ ವರ್ಷವೂ ಅದೇ. ಅತ್ತೆ ಕೇಳುವುದನ್ನು ಬಿಡಲಿಲ್ಲ, ಸೊಸೆ ನಾಳೆ ಎನ್ನುವುದನ್ನು ಬಿಡಲಿಲ್ಲ. ಮಗನೆಂಬ ಮಹಾಶಯ ಸರಿಯಾಗಿ ಅದೇ ಹೊತ್ತಿಗೆ ಪೇಪರಿನಲ್ಲಿ ಮುಳುಗಿರುತ್ತಿದ್ದ.

ಚರ್ಚಿನಲ್ಲಿ ಅಜ್ಜಿ ಹಿಂದಿನ ಬೆಂಚಿಗೆ ಸರಿದಳು. ರೊಟ್ಟಿಯ ತಟ್ಟೆ ಬಂದಾಗ ಏನೂ ತೆಗೆದುಕೊಳ್ಳದೆ ಪಕ್ಕದವರಿಗೆ ದಾಟಿಸುವಳು. ಪಾಪ, ಮುದುಕಿಗೆ ಹಲ್ಲಿಲ್ಲ ಎಂದುಕೊಂಡರು ಜನ. ಮನೆಯ ಮುನಿಸು ತೀರದೆ ದೇವರ ಮೇಜಿನತ್ತ ಕೈ ಚಾಚಬಾರದೆಂದು ಆ ಜೀವ ಬರಿಗೈಯಲ್ಲಿ ಎದ್ದು ಬರುತ್ತಿದ್ದುದು ಮೊಮ್ಮಗಳೊಬ್ಬಳಿಗೇ ಗೊತ್ತಿತ್ತು.

"ಪಾದ್ರಿಗಳಿಗೆ ಎಲ್ಲಾ ಹೇಳ್ಬಿಡ್ತೀನಿ ಅಜ್ಜಿ" ಎಂದಿದ್ದಳು ಒಮ್ಮೆ.

"ಹೇಳಿದ್ರೆ ನಿಮ್ಮಮ್ಮ ಚರ್ಚಿನ ಮೆಟ್ಟಿಲು ಹತ್ತೋದು ಹೇಗೆ? ಮನೆ ಹುಣ್ಣನ್ನ ಬೀದೀಲಿ ಬಿಚ್ಚಿ ತೋರಿಸ್ತಾರಾ ಯಾರಾದ್ರೂ? ಅವಳು ನಾಳೆ ಅಂತಾಳೆ, ಇಲ್ಲ ಅನ್ನಲ್ವಲ್ಲ. ಕಾಯ್ತೀನಿ ಬಿಡು."

ಕಾದೇ ಕಾದಳು. ಕೊನೆಗೆ ಹಾಸಿಗೆ ಹಿಡಿದು, ಉಸಿರು ಮೇಲೆ ಕೆಳಗೆ ಆಗುತ್ತಿದ್ದ ಆ ಮಧ್ಯಾಹ್ನವೂ ಅಮ್ಮನ ಕೈ ಹಿಡಿದುಕೊಂಡು, "ಮನ್ನಿಸಿದೀನಿ ಅನ್ನಮ್ಮಾ... ಒಂದೇ ಸಲ..." ಎಂದಳು. ಅಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡು ಹೊದಿಕೆ ಸರಿಮಾಡಿದಳು.

"ಈಗ ಮಲಗಿ ಅತ್ತೆ. ನಾಳೆ ನೋಡೋಣ."

ಅಜ್ಜಿಯ ಪಾಲಿಗೆ ಆ ನಾಳೆ ಬರಲೇ ಇಲ್ಲ.

ಹಿಟ್ಟಿನ ಡಬ್ಬಿಯ ಮುಂದೆ ನಿಂತ ಅಮ್ಮನಿಗೆ ಮಗಳು ಈಗ ಅದನ್ನೇ ನೆನಪಿಸಿದಳು.

"ಅಜ್ಜಿಯ ಕಟ್ಟಳೆ ಮರೆತೋಯ್ತಾ? ಮನೇಲಿ ಯಾರಿಗೆ ಮುನಿಸಿದ್ರೂ ಹಿಟ್ಟು ಮುಟ್ಟೋ ಹಾಗಿಲ್ಲ. ನನಗಿದೆ."

ಅಮ್ಮ ಸ್ಟೂಲಿನ ಮೇಲೆ ಕುಸಿದು ಕೂತಳು.

"ಹೇಳ್ಬೇಕು ಅಂತಾನೇ ಇದ್ದೆ ಕಣೇ... ಪ್ರತೀ ಸಲ. ಆ ಮಾತು ಆಡ್ಬಿಟ್ರೆ ಮತ್ತೆ ಬರೀ ಸೊಸೆ ಆಗ್ಬಿಡ್ತೀನಿ ಅನ್ನಿಸೋದು. ಈ ಮನೇಲಿ ನನ್ನ ಬಾಯಿಂದ ಬರೋ ಮಾತಿಗೆ ಯಾರಾದ್ರೂ ಕಾಯ್ತಿದ್ರು ಅಂದ್ರೆ ಅದೊಂದಕ್ಕೇ. ಇನ್ನೊಂದು ತಿಂಗಳು ಕಾಯ್ಲಿ, ಇನ್ನೊಂದು ತಿಂಗಳು... ಅಷ್ಟರಲ್ಲಿ ಹೋಗೇಬಿಟ್ರಲ್ಲ." ಅವಳು ಕಣ್ಣು ತುಂಬಿಕೊಂಡು ಎದ್ದು ಬಂದು ಮಗಳೆದುರು ನಿಂತಳು. "ತಪ್ಪಾಗಿದ್ರೆ ಅನ್ನಲ್ಲ. ತಪ್ಪಾಗಿದೆ. ಮನ್ನಿಸ್ಬಿಡೇ."

ಈ ಸಲದ ಕಣ್ಣೀರು ಸುಳ್ಳಲ್ಲವೆಂದು ಮಗಳಿಗೆ ತಿಳಿಯಿತು. ಅಜ್ಜಿಯಾಗಿದ್ದರೆ ಮಾತು ಮುಗಿಯುವ ಮುಂಚೆಯೇ ಆಯ್ತು ಎಂದು ಸೊಸೆಯ ತಲೆ ಸವರುತ್ತಿದ್ದಳು. ತಾನೂ ಅಜ್ಜಿಯ ಮಡಿಲಲ್ಲಿ ಬೆಳೆದವಳು. ಆಯ್ತು ಅನ್ನಬೇಕೆಂದೇ ಬಾಯಿ ತೆರೆದಳು.

"ನಾಳೆ ನೋಡೋಣ."

ಬಂದದ್ದು ಅಮ್ಮನ ಮಾತು, ಅಮ್ಮನದೇ ದನಿ. ಕೇಳಿ ಮಗಳೇ ಬೆಚ್ಚಿದಳು. ಅಮ್ಮ ಡಬ್ಬಿಯನ್ನು ಸ್ವಸ್ಥಾನಕ್ಕೆ ಸರಿಸಿ, ಕೈಚೀಲ ತೆಗೆದುಕೊಂಡು ಅಂಗಡಿಗೆ ಹೊರಟಳು. ಕೂಗಿ ಕರೆಯಬೇಕೆಂದು ಮಗಳು ಬಾಗಿಲವರೆಗೆ ಹೋದಳು... ಹೊಸ್ತಿಲಲ್ಲೇ ನಿಂತುಬಿಟ್ಟಳು.

ಭಾನುವಾರ ಪಾದ್ರಿಗಳು ಅಜ್ಜಿಯ ಬದುಕನ್ನು ಬಾಯಿತುಂಬ ಹೊಗಳಿದರು. ಅವಳ ಕೈಯ ರೊಟ್ಟಿ ಕೊನೆಯವರೆಗೂ ನಮ್ಮನ್ನೆಲ್ಲ ಒಂದಾಗಿಸಿತು ಎಂದರು. ತಟ್ಟೆ ಹಿಂದಿನ ಬೆಂಚಿಗೆ ಬಂತು. ಅಮ್ಮ ಏನೂ ತೆಗೆದುಕೊಳ್ಳದೆ ಮಗಳಿಗೆ ದಾಟಿಸಿದಳು. ಮಗಳು ಅದನ್ನು ಪಕ್ಕದವರಿಗೆ ದಾಟಿಸಿದಳು.

ಹೊರಗೆ ಬರುವಾಗ ಚರ್ಚಿನ ಹಿರಿಯ ಹೆಂಗಸೊಬ್ಬಳು ಅಮ್ಮನ ಎರಡೂ ಕೈ ಹಿಡಿದುಕೊಂಡಳು.

"ಅತ್ತೆಯ ಕೈಗುಣ ಹಾಗೇ ಬಂದಿದೆ ಕಣಮ್ಮ ನಿನಗೆ. ಇನ್ಮೇಲೆ ನೀನೇ ನಮ್ಮ ರೊಟ್ಟಿಯಮ್ಮ."