ಗಾಜಿನ ತೊಟ್ಟಿಯ ಹೊಳೆಮಕ್ಕಳು

ಹರಿಯುವ ನೀರಿನವರನ್ನು ನಿಂತ ನೀರಿನಲ್ಲಿ ಹಾಕಿದರು. ನೋಡಲು ಚೆಂದ ಎಂದು ಹಾಕಿದರು. ಅದು ಕೊಲೆ. ಅದಕ್ಕೆ ಬೇರೆ ಹೆಸರಿಲ್ಲ.

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಕಂಚುಕೋಟೆ ಎಂಬ ರಾಜ್ಯವಿತ್ತು. ಅಲ್ಲಿನ ಬೆಟ್ಟದ ಹೊಳೆಯಲ್ಲಿ ಒಂದು ಕುಲದವರಿದ್ದರು. ನೀರು ಎಷ್ಟೇ ರಭಸದಿಂದ ಧುಮುಕಲಿ, ಬಂಡೆಗೆ ಎದೆಯಾನಿಸಿ ಅಲುಗದೆ ನಿಲ್ಲುತ್ತಿದ್ದರು. ರಾಜ ಚಂಡಕೇತುವಿಗೆ ಅದನ್ನು ಕೂತಲ್ಲೇ ನೋಡುವ ಆಸೆಯಾಯಿತು. ಅವರು ಅರಮನೆಗೆ ಬರಲೊಪ್ಪಲಿಲ್ಲ. ರಾಜನ ಅಪ್ಪಣೆಯಂತೆ ಮಾಂತ್ರಿಕ ತಾಮ್ರಾಕ್ಷ ಅವರನ್ನೆಲ್ಲ ಬೆರಳುದ್ದದ ಮೀನು ಮಾಡಿದ. ಚಪ್ಪಟೆ ಹೊಟ್ಟೆ, ಬೀಸಣಿಗೆಯಂತೆ ಹರಡಿದ ರೆಕ್ಕೆ, ಮೈತುಂಬ ಪಟ್ಟೆ. ಗಾಜಿನ ತೊಟ್ಟಿಗೆ ತುಂಬಿ ಸಿಂಹಾಸನದ ಪಕ್ಕದಲ್ಲಿಟ್ಟ.

ಉಳಿದವಳು ಬೊಮ್ಮಿ ಒಬ್ಬಳೇ. ಆ ದಿನ ಜೇನಿಗೆಂದು ಕಾಡಿಗೆ ಹೋಗಿದ್ದಳು. ಅರಮನೆಗೆ ಬಂದು ಗಾಜಿಗೆ ಕಿವಿಯಿಟ್ಟಳು. ಅಣ್ಣ ಮಾರನ ದನಿ, ಅತ್ತಿಗೆ ಕೆಂಚಿಯ ದನಿ ಕೇಳಿಸಿತು.

“ನಮ್ಮವರನ್ನು ಬಿಟ್ಟುಬಿಡು” ಎಂದಳು ಮಾಂತ್ರಿಕನಿಗೆ.

“ಈ ಸೆರೆಯಲ್ಲೇ ಇವರಿಗೆ ಮರಿ ಹುಟ್ಟಿ, ಮರಿಯ ಮೈಮೇಲೆ ಪಟ್ಟೆ ಮೂಡಿದರೆ ಮಂತ್ರ ತಾನೇ ಮುರಿಯುತ್ತದೆ” ಎಂದ ತಾಮ್ರಾಕ್ಷ. “ಸಾಯುತ್ತಿರುವವರು ಮರಿ ಹಾಕುತ್ತಾರೇನಮ್ಮ?”

ನಿಂತ ನೀರಿನಲ್ಲಿ ಉಸಿರು ಸಾಲದೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಬೊಮ್ಮಿ ಸುಳಿಹಾವಿನ ಗುಹೆಗೆ ಹೋದಳು. ಹಾವು ಅವಳ ಕೂದಲು ಕೇಳಿತು. ಕೊಟ್ಟಳು. ಹಾವು ತೊಟ್ಟಿಗಿಳಿದು ಸುತ್ತಿತು, ನೀರು ಹರಿಯಿತು.

“ಬೋಳುತಲೆ ನಾದಿನಿ ಬಂದಳು” ಎಂದಳು ಕೆಂಚಿ. “ಇನ್ನು ಇವಳಿಗೆ ಗಂಡು ಹುಡುಕುವ ಕರ್ಮ ನನ್ನದು.”

ಅರಮನೆಯ ದೀಪಗಳ ಕಾವಿಗೆ ತೊಟ್ಟಿಯ ನೀರು ಬೆಚ್ಚಗಾಯಿತು. ಬೊಮ್ಮಿ ಹಿಮಕೊಕ್ಕರೆಯ ಬಳಿ ಹೋದಳು. ಕೊಕ್ಕರೆ ಅವಳ ಕೈಗಳ ಬಿಸುಪು ಕೇಳಿತು. ಕೊಟ್ಟಳು. ಅದರ ಒಂದು ಗರಿ ತೊಟ್ಟಿಗೆ ಬಿದ್ದದ್ದೇ ತಡ, ನೀರು ತಣ್ಣಗಾಯಿತು.

ಮೂರನೆಯದು ಹಸಿವು. ಅರಮನೆಯವರು ತುಪ್ಪದ ಅನ್ನ ಹಾಕಿದರು. ಮೀನುಗಳು ಮೂಸಲಿಲ್ಲ. ಅವುಗಳ ಊಟ ಕಲ್ಲಿನ ಮೇಲಿನ ಹಸಿರು ಪಾಚಿ. ಈ ಸಲ ಯಾವ ಪ್ರಾಣಿಯೂ ನೆರವಿಗೆ ಬರಲಿಲ್ಲ. ಬೊಮ್ಮಿಯೇ ಹೊಳೆಗಲ್ಲು ಹೊತ್ತು ತಂದು, ಬಾನಿಯ ನೀರಿನಲ್ಲಿ ಮುಳುಗಿಸಿ, ಅಂಗಳದ ಬಿಸಿಲಿಗಿಟ್ಟು ಕಾದಳು. ಕಲ್ಲು ಹಸಿರಾಯಿತು, ತೊಟ್ಟಿಗಿಳಿಸಿದಳು. ಮೀನುಗಳು ಉಂಡವು. ಮಾರ ಕಲ್ಲಿನಡಿ ಗುಂಡಿ ತೋಡಿದ. ಕೆಂಚಿ ಮೊಟ್ಟೆಯಿಟ್ಟಳು. ಎಳ್ಳುಕಾಳಿನಂಥ ಮರಿಗಳು ಹೊರಬಂದವು.

“ಬಾಣಂತಿ ಮನೆಯ ಹಾಸುಗಲ್ಲು ತಿಕ್ಕುವುದು ನಾದಿನಿಯ ಕೆಲಸ” ಎಂದಳು ಕೆಂಚಿ, ಖುಷಿಯಲ್ಲಿ. “ಸೋಮಾರಿ, ಪದ್ಧತಿ ಮರೆತೆಯಾ?”

ಬೊಮ್ಮಿ ಮರೆತಿರಲಿಲ್ಲ. ತಣ್ಣನೆಯ ಕೈಗಳಿಂದ ಒಂದೊಂದು ಕಲ್ಲನ್ನೂ ಹೊಳೆಯುವಂತೆ ತಿಕ್ಕಿದಳು. ಸಂಜೆಗೆ ಮರಿಗಳು ಪಾಚಿಯಿಲ್ಲದ ಬೋಳುಗಲ್ಲು ನೆಕ್ಕುತ್ತಿದ್ದವು. ಆಗ ಅವಳಿಗೆ ತಾನು ಮಾಡಿದ್ದೇನೆಂದು ತಿಳಿಯಿತು. ಕಲ್ಲುಗಳನ್ನು ಮತ್ತೆ ಬಿಸಿಲಿಗೊಯ್ದಳು. ಮೋಡ ಕವಿದಿತ್ತು, ದಿನಗಳು ಕಳೆದರೂ ಪಾಚಿ ಹುಟ್ಟಲಿಲ್ಲ.

ತೊಟ್ಟಿಯ ಮೂಲೆಯಲ್ಲಿ ಅಂಗೈಯಗಲ ಪಾಚಿ ಉಳಿದಿತ್ತು. ಮಾರ ಮರಿಗಳನ್ನು ಅಲ್ಲಿಗೆ ದೂಡಿದ, ಕೆಂಚಿಯನ್ನೂ ಮಿಕ್ಕವರನ್ನೂ ದೂಡಿದ.

“ನೀನೂ ತಿನ್ನು, ಅಣ್ಣಾ.”

“ನನಗೆ ಹೊಟ್ಟೆ ತುಂಬಿದೆ, ಹೋಗೇ.”

ಮರಿಗಳ ಮೈಮೇಲೆ ಪಟ್ಟೆ ಮೂಡಿತು. ಗಾಜು ಒಡೆಯಿತು. ತಾಮ್ರಾಕ್ಷ ಬೂದಿಯಾಗಿ ಉದುರಿದ. ಮೀನುಗಳೆಲ್ಲ ಮನುಷ್ಯರಾಗಿ ಎದ್ದರು, ಮರಿಗಳು ಮಕ್ಕಳಾಗಿ ಅತ್ತವು. ಮಾರನೂ ಮನುಷ್ಯನಾದ, ಆದರೆ ಏಳಲಿಲ್ಲ. ಅವನ ಪಕ್ಕೆಲುಬು ಎಣಿಸಬಹುದಿತ್ತು.

“ಹೀಗಾಗುತ್ತದೆಂದು ನನಗೆ ಗೊತ್ತಿರಲಿಲ್ಲ” ಎಂದ ರಾಜ.

“ನನಗೂ ಗೊತ್ತಿರಲಿಲ್ಲ” ಎಂದಳು ಬೊಮ್ಮಿ. “ನಾನು ಕಲ್ಲು ತಿಕ್ಕಿದೆ, ಸಾಯುವ ತನಕ ಅಳುತ್ತೇನೆ. ನೀನು ಹಿಡಿದು ತರಿಸಿದೆ. ನೀನೇನು ಮಾಡುತ್ತೀಯ?”

 ಕುಲದವರು ಮಾರನನ್ನು ಹೊತ್ತು ಹೊಳೆಗೆ ಹೋದರು. ಅಲ್ಲಿ ಮಕ್ಕಳು ಬೆಳೆದರು, ನಕ್ಕರು, ಸುಖವಾಗಿಯೇ ಇದ್ದರು. ಅಪ್ಪನ ಮುಖ ಮಾತ್ರ ಕಾಣಲಿಲ್ಲ.

ಬಂಡೆಗೆ ಅಂಟುವ ಅಂಥದ್ದೇ ಪಟ್ಟೆಮೀನು ಇವತ್ತು ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ತೂಗಾಡುತ್ತಿದೆ. ಕೊಳ್ಳುವ ಮೊದಲು ಅಂಗಡಿಯವನನ್ನು ಕೇಳಿ, ಇದು ತೊಟ್ಟಿಯಲ್ಲಿ ಹುಟ್ಟಿದ್ದೋ, ಹೊಳೆಯಿಂದ ಹಿಡಿದದ್ದೋ? ಹೊಳೆಯದ್ದಾದರೆ ಚೀಲ ಕೆಳಗಿಡಿ, ಬರಿಗೈಯಲ್ಲಿ ಮನೆಗೆ ಹೋಗಿ.