ಆರು ತಿಂಗಳ ನಿಯಮ

ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಹಾರಾಮಿಹೊ ಬಂದರಿನ ಹಿಂದಿನ ಬೀದಿಯಲ್ಲಿರುವ ನೀಲಿ ಮನೆಯ ಬಾಗಿಲನ್ನು ಅಪರಿಚಿತನೊಬ್ಬ ತಟ್ಟಿದ. ಆ ಮನೆಯ ಮಗ ಕ್ಲೆಬರ್ ಮೀನು ಹಿಡಿಯಲು ಹೋಗಿ ನಾಲ್ಕು ತಿಂಗಳಾಗಿತ್ತು. ದೋಣಿ ಸಿಕ್ಕಿರಲಿಲ್ಲ. ಹೆಣವೂ ಸಿಕ್ಕಿರಲಿಲ್ಲ.

ಬಾಗಿಲು ತೆಗೆದವಳು ಕ್ಲೆಬರ್‌ನ ಹೆಂಡತಿ ಡಿಗ್ನಾ. ಬಾಗಿಲು ಸದ್ದಾದಾಗಲೆಲ್ಲ ಅವಳ ಎದೆ ಒಮ್ಮೆ ಹಾರಿ ಬೀಳುತ್ತಿತ್ತು. ಈ ಸಲವೂ ಹಾರಿತು... ಬಿತ್ತು.

ಎದುರಿಗೆ ನಿಂತವನ ಕೊರಳಲ್ಲಿ ಕಚೇರಿಯ ಗುರುತಿನ ಕಾರ್ಡು, ಕೈಯಲ್ಲಿ ಟ್ಯಾಬ್ಲೆಟ್. ಮೂಗು ಬಿಸಿಲಿಗೆ ಸುಟ್ಟು ಕೆಂಪಾಗಿತ್ತು. ಬೆಟ್ಟದ ಸೀಮೆಯವನೆಂದು ಆ ಮೂಗೇ ಸಾರುತ್ತಿತ್ತು.

"ಸೆನ್ಯೋರ, ನಾನು ಫೌಸ್ತೊ ತಿಪಾನ್, ಲತಕುಂಗದವನು. ಅಂಕಿಅಂಶ ಕಚೇರಿಯಿಂದ ಬಂದಿದೀನಿ. ಉದ್ಯೋಗದ ಸಮೀಕ್ಷೆ..."

"ನಂಗೆ ಮೀನು ಫ್ಯಾಕ್ಟರಿ ಬಸ್ಸಿಗೆ ಹೊತ್ತಾಯ್ತು. ಪಕ್ಕದ ಮನೆಗೆ ಹೋಗಿ. ಗ್ಲೆಂಡಾಗೆ ಮಾತು ಅಂದ್ರೆ ಪ್ರಾಣ."

ಗ್ಲೆಂಡಾ ಆಗಲೇ ಪಕ್ಕದ ಕಿಟಕಿಯಿಂದ ತಲೆ ಹಾಕಿದ್ದಳು.

"ಬಾರಪ್ಪಾ ಬೆಟ್ಟದ ರಾಜ! ಕಾಫೀನೂ ಕೊಡ್ತೀನಿ. ಹೋದ ವಾರ ರೇಡಿಯೋದವರು ಮೀನು ಮಾರ್ಕೆಟ್ಟಲ್ಲಿ ಸಿಕ್ಕಸಿಕ್ಕವರನ್ನ ಪ್ರಶ್ನೆ ಕೇಳಿ ಒಂದೊಂದು ಟೋಪಿ ಹಂಚಿದ್ರು. ನೀನೇನು ಕೊಡ್ತೀಯಾ?"

ಫೌಸ್ತೊ ನಕ್ಕ. ಆದರೆ ನಿಂತ ಜಾಗದಿಂದ ಕದಲಲಿಲ್ಲ.

"ಸಿಕ್ಕಿದವರನ್ನ ಕೇಳೋ ಹಾಗಿಲ್ಲ ಸೆನ್ಯೋರ. ಊರಿನ ಎಲ್ಲಾ ಮನೆಗಳ ಪಟ್ಟಿ ಇಟ್ಕೊಂಡು, ಚೀಟಿ ಎತ್ತಿದ ಹಾಗೆ ಕೆಲವನ್ನ ಆರಿಸ್ತಾರೆ. ಚೀಟಿ ಬಿದ್ದಿರೋದು ಈ ಮನೆಗೆ. ಬದಲಿಗೆ ಇನ್ನೊಂದು ಮನೆ ಹಾಕೋಕೆ ಬರಲ್ಲ."

"ಯಾಕೆ? ಯಾವ ಮನೆಯಾದ್ರೇನು?" ಡಿಗ್ನಾ ಕೇಳಿದಳು.

ಅವನು ಒಂದು ಕ್ಷಣ ಯೋಚಿಸಿದ.

"ಖುಷಿಯಿಂದ ಬಾಗಿಲು ತೆಗೆಯೋ ಮನೆಗಳಿಗೇ ಹೋದ್ರೆ, ದೇಶದಲ್ಲಿ ದುಃಖದಲ್ಲಿರೋರು ಯಾರೂ ಇಲ್ಲ ಅಂತ ಲೆಕ್ಕ ಬರುತ್ತೆ."

ಡಿಗ್ನಾ ಬಾಗಿಲಿನಿಂದ ಕೈ ತೆಗೆದಳು. ನಾಲ್ಕು ತಿಂಗಳಿಂದ ಊರಿನವರು ಈ ಬಾಗಿಲ ಮುಂದೆ ಹೆಜ್ಜೆ ಬಿರುಸು ಮಾಡುತ್ತಿದ್ದರು, ಒಳಗೆ ಬಂದರೆ ಏನು ಮಾತಾಡುವುದೆಂದು ತಿಳಿಯದೆ. ಇವನೊಬ್ಬ ಇದೇ ಬಾಗಿಲು ಬೇಕು ಅಂತಾನಲ್ಲ!

"ಸಂಜೆ ಬನ್ನಿ," ಅಂದಳು.

ಅವನು ಸಂಜೆ ಬಂದ. ಮೊದಲ ಪ್ರಶ್ನೆಯೇ ಸರಳವಾದದ್ದು.

"ಈ ಮನೇಲಿ ಎಷ್ಟು ಜನ ಇದೀರಿ?"

ಡಿಗ್ನಾ ಬಾಯಿ ತೆರೆಯುವ ಮೊದಲೇ ಒಳಗಿನ ತೂಗುಮಂಚದಿಂದ ಅತ್ತೆ ಬರ್ತಿಲ್ಡಳ ದನಿ ಬಂತು.

"ಮೂರು! ನಾನು, ನನ್ನ ಸೊಸೆ, ನನ್ನ ಮಗ. ಮಗ ಸಮುದ್ರಕ್ಕೆ ಹೋಗಿದಾನೆ."

"ಹೋಗಿ ಎಷ್ಟು ದಿನ ಆಯ್ತು ದೋನ್ಯಾ?" ಹಿರಿಯರಿಗೆ ಸಲ್ಲುವ ಗೌರವದಲ್ಲಿ ಕೇಳಿದ.

"ಬರ್ತಾನೆ."

ಫೌಸ್ತೊ ಡಿಗ್ನಾಳತ್ತ ನೋಡಿದ. ಅವಳು ನಾಲ್ಕು ಬೆರಳು ತೋರಿಸಿದಳು. ಮನೆ ಬಿಟ್ಟು ಆರು ತಿಂಗಳು ದಾಟದವರು ಮನೆಯ ಲೆಕ್ಕದಲ್ಲೇ ಇರುತ್ತಾರೆ ಎಂಬುದು ಸಮೀಕ್ಷೆಯ ನಿಯಮ. ಅವನು ಮೂರು ಎಂದು ದಾಖಲಿಸಿದ. ಮುದುಕಿಗೆ ಅಷ್ಟೇ ಸಾಕಿತ್ತು.

"ಡಿಗ್ನಾ, ಈ ಹುಡುಗನಿಗೆ ಊಟಕ್ಕೆ ಹಾಕು. ಸರ್ಕಾರದವರಲ್ಲಿ ಇವನೊಬ್ಬನಿಗೆ ಲೆಕ್ಕ ಬರುತ್ತೆ!"

ಬೇಯಿಸಿದ ಬಾಳೆಕಾಯಿ, ಮೀನಿನ ಸಾರು ಬಡಿಸಿದಳು. ಫೌಸ್ತೊ ಮೀನಿನ ಮುಳ್ಳು ತೆಗೆಯಲು ಒದ್ದಾಡುವುದನ್ನು ಕಂಡು ಡಿಗ್ನಾಳಿಗೆ ನಗು ತಡೆಯಲಾಗಲಿಲ್ಲ.

"ನಿಮ್ಮ ಲತಕುಂಗದಲ್ಲಿ ಮೀನಿಗೆ ಮುಳ್ಳಿರಲ್ವಾ?"

"ನಮ್ಮಲ್ಲಿ ಮೀನೇ ಇರಲ್ಲ. ಮೀನಿನ ಡಬ್ಬಿ ಇರುತ್ತೆ."

ನಕ್ಕ ಮೇಲೆ ಅವಳಿಗೆ ಗಾಬರಿಯಾಯಿತು. ಈ ಮನೆಯಲ್ಲಿ ನಗುವುದೇ? ಅತ್ತೆ ಏನಂದುಕೊಂಡಳೋ! ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಹೋಗಿ ಬಹಳ ಹೊತ್ತು ತೊಳೆದಳು.

ಚೀಟಿ ಬಿದ್ದ ಮನೆಗೆ ಸಮೀಕ್ಷೆಯವರು ಮೂರು ತಿಂಗಳ ನಂತರ ಮತ್ತೊಮ್ಮೆ ಬರುತ್ತಾರೆ. ಆ ಮೂರು ತಿಂಗಳಲ್ಲಿ ತಾನು ಎಷ್ಟು ಸಲ ಬೀದಿಯ ತಿರುವಿನತ್ತ ನೋಡಿದೆ ಎಂಬುದನ್ನು ಡಿಗ್ನಾ ತನಗೆ ತಾನೇ ಒಪ್ಪಿಕೊಳ್ಳಲಿಲ್ಲ. ನೋಡಿದ್ದು ಕ್ಲೆಬರ್‌ಗಾಗಿ ಎಂದುಕೊಂಡಳು. ಆದರೆ ಸಮುದ್ರದಿಂದ ಬರುವವನು ಆ ತಿರುವಿನಿಂದ ಬರಬೇಕಾಗಿರಲಿಲ್ಲ.

ಫೌಸ್ತೊ ಬಂದ. ಈ ಸಲ ಅತ್ತೆಗಾಗಿ ತನ್ನೂರಿನ ಕಲ್ಲಿನಷ್ಟು ಗಟ್ಟಿ ಗಿಣ್ಣು ತಂದಿದ್ದ. ಅತ್ತೆ ಅದನ್ನು ಮೂಸಿ ನೋಡಿ, "ಇದನ್ನ ತಿಂದೇ ನಿಮ್ಮೋರು ಅಷ್ಟು ಗಂಭೀರ," ಅಂದಳು. ಮೂವರೂ ನಕ್ಕರು.

ಆಮೇಲೆ ಅವನು ಟ್ಯಾಬ್ಲೆಟ್ ತೆರೆದ. ಮೊದಲ ಪ್ರಶ್ನೆ ಕೇಳಿದ.

"ಮೂರು," ಅಂದಳು ಅತ್ತೆ.

ಕ್ಲೆಬರ್ ಹೋಗಿ ಏಳು ತಿಂಗಳಾಗಿತ್ತು.

ಫೌಸ್ತೊನ ಬೆರಳು ಪರದೆಯ ಮೇಲೆ ತಡೆಯಿತು. ಅವನು ಅತ್ತೆಯತ್ತ ನೋಡಲಿಲ್ಲ, ಡಿಗ್ನಾಳತ್ತಲೂ ನೋಡಲಿಲ್ಲ. ಒತ್ತಿದ. ಪಕ್ಕದಲ್ಲೇ ಕಾಫಿ ಹಿಡಿದು ನಿಂತಿದ್ದ ಡಿಗ್ನಾಳಿಗೆ ಪರದೆ ಕಾಣುತ್ತಿತ್ತು. ಕ್ಲೆಬರ್‌ನ ಹೆಸರು ಬೂದು ಬಣ್ಣಕ್ಕೆ ತಿರುಗಿತು. ಕೆಳಗೆ ಒಟ್ಟು ಸಂಖ್ಯೆ, ಎರಡು.

ಅವನನ್ನು ಅಂಗಳಕ್ಕೆ ಕರೆದೊಯ್ಯುವವರೆಗೆ ಅವಳು ಹೇಗೋ ಬಾಯಿ ಬಿಗಿಹಿಡಿದಳು.

"ಅವನನ್ನ ಅಳಿಸಿದ್ರಿ!"

"ಸೆನ್ಯೋರ ಡಿಗ್ನಾ, ಅದು ಆರು ತಿಂಗಳ ನಿಯಮ. ಸತ್ತಿದಾರೆ ಅಂತ ಅಲ್ಲ. ಈಗ ಈ ಮನೇಲಿಲ್ಲ ಅಂತ ಅಷ್ಟೇ..."

"ನಿಯಮ! ನಿಮಗೆ ಅವನು ಇಲ್ಲದೇ ಇರಬೇಕು, ಅಲ್ವಾ? ಇಲ್ಲಿ ಬಂದು ಉಂಡು, ನಗಿಸಿ, ಗಿಣ್ಣು ತಂದು... ಅದಕ್ಕೇ ಅಲ್ವಾ ಅಳಿಸಿದ್ದು?"

ಅವನು ಇಲ್ಲ ಎನ್ನುತ್ತಾನೆಂದು ಕಾದಳು. ಒಂದು ಸಲ ಇಲ್ಲ ಅಂದಿದ್ದರೆ ಸಾಕಿತ್ತು.

ಅವನ ಮುಖ ಬಿಳಚಿತು. "ಕ್ಷಮಿಸಿ," ಎಂದಷ್ಟೇ ಹೇಳಿ ಬೀದಿಗಿಳಿದ.

ಸಮೀಕ್ಷೆಗೆ ಮೂರು ತಿಂಗಳಿಗೊಂದು ಸುತ್ತು; ಎರಡು ಸುತ್ತು ಬಂದ ಮನೆಗೆ ಮುಂದಿನ ಎರಡು ಸುತ್ತು ಬಿಡುವು. ಆಮೇಲೆ ಮತ್ತೆ ಎರಡು ಸುತ್ತು. ಒಂದೇ ಮನೆಯವರನ್ನು ಬಿಡದೆ ಕಾಡಬಾರದೆಂದು ಕಚೇರಿ ಮಾಡಿಕೊಂಡ ವ್ಯವಸ್ಥೆ. ಅದು ಡಿಗ್ನಾಳಿಗೆ ಗೊತ್ತಿರಲಿಲ್ಲ. ಮೂರು ತಿಂಗಳು ಕಳೆದರೂ ಅವನು ಬರಲಿಲ್ಲ. ಆರು ಕಳೆದರೂ ಬರಲಿಲ್ಲ.

"ನಿನ್ನ ಬೆಟ್ಟದ ರಾಜ ಬೆಟ್ಟ ಹತ್ತಿದ ಅನ್ಸುತ್ತೆ," ಅಂದಳು ಗ್ಲೆಂಡಾ ಬಟ್ಟೆ ಒಣಹಾಕುತ್ತ.

"ನನ್ನವನಲ್ಲ ಅವನು."

"ಹೌದೌದು. ಅದಕ್ಕೇ ಕಣ್ಣು ಹೀಗಾಗಿದೆ."

ಫ್ಯಾಕ್ಟರಿಯಲ್ಲಿ ಬೆಂದ ಟ್ಯೂನಾ ಮೀನಿನ ಚರ್ಮ ಸುಲಿಯುತ್ತ ಡಿಗ್ನಾ ತನ್ನನ್ನು ತಾನೇ ಬೈದುಕೊಂಡಳು. ಗಂಡ ಸಮುದ್ರದಲ್ಲಿ. ನೀನು ಅಳುತ್ತಿರುವುದು ಯಾರಿಗಾಗಿ? ಕೆಲವು ದಿನ ಉತ್ತರ ಕ್ಲೆಬರ್. ಕೆಲವು ದಿನ ಅಲ್ಲ. ಅಲ್ಲ ಎನ್ನುವ ದಿನಗಳಲ್ಲಿ ಅವಳಿಗೆ ಊಟ ಸೇರುತ್ತಿರಲಿಲ್ಲ.

ಕೊನೆಗೆ ಬಾಗಿಲು ತಟ್ಟಿದ್ದು ಒಬ್ಬಳು ಹುಡುಗಿ. ಅದೇ ಗುರುತಿನ ಕಾರ್ಡು, ಅದೇ ಟ್ಯಾಬ್ಲೆಟ್. ಹೆಸರು ಜೊಮೈರಾ.

"ಮೊದಲು ಒಬ್ಬರು ಬರ್ತಿದ್ರು..." ಡಿಗ್ನಾ ಅವಳ ಹಿಂದೆ ಬೀದಿಯತ್ತ ನೋಡಿದಳು.

"ಫೌಸ್ತೊ? ಈ ಬೀದಿ ನನಗೆ ಬೇಡ ಅಂತ ಅವನೇ ಬರೆದುಕೊಟ್ಟ. ಈಗ ಪೊರ್ತೊವಿಯೆಹೊ ಪಟ್ಟಣದ ಕಚೇರಿಯಲ್ಲೇ ಕೂತು ಬೇರೆಯವರು ತಂದ ಲೆಕ್ಕ ಪರಿಶೀಲಿಸ್ತಾನೆ."

"ಯಾಕೆ ಬೇಡ ಅಂದ್ರು?"

"ಅಲ್ಲಿ ಒಂದು ಮನೆ ಇದೆ, ಆ ಬಾಗಿಲಿಗೆ ಹೋಗೋಕೆ ನನಗೆ ಆಸೆ ಆಗುತ್ತೆ, ಅಂಥವನು ಆ ಮನೆ ಲೆಕ್ಕ ತೆಗೀಬಾರದು ಅಂದನಂತೆ. ಕಚೇರಿಯೆಲ್ಲ ನಕ್ಕಿತು. ಅವನು ಮಾತ್ರ ನಗಲಿಲ್ಲ." ಜೊಮೈರಾ ತಟಕ್ಕನೆ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ... ಈ ಮನೆನಾ?"

ಡಿಗ್ನಾ ಅವಳಿಗೆ ಕುರ್ಚಿ ಎಳೆದಿಟ್ಟಳು. ಜೊಮೈರಾ ತಲೆ ತಗ್ಗಿಸಿ ಕೆಲಸ ಶುರು ಮಾಡಿದಳು.

"ಈ ಮನೇಲಿ ಎಷ್ಟು ಜನ ಇದೀರಿ?"

ಡಿಗ್ನಾ ತೂಗುಮಂಚದತ್ತ ನೋಡಿದಳು. ಅಲ್ಲಿಂದ ಬರುವ ಉತ್ತರ ಅವಳಿಗೆ ಗೊತ್ತಿತ್ತು. ಅದನ್ನು ಅಲ್ಲಗಳೆಯುವ ಧೈರ್ಯ ತನಗಿಲ್ಲ ಎಂಬುದೂ ಗೊತ್ತಿತ್ತು.

ತೂಗುಮಂಚ ನಿಂತಿತು. ಅತ್ತೆ ಕಾಲು ಕೆಳಗಿಟ್ಟು ಎದ್ದು ಕೂತಳು. ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದಳು.

"ಎರಡು, ಮಗಳೇ," ಅಂದಳು. "ಎರಡು ಅಂತ ಬರ್ಕೋ."

"ಅತ್ತೆ!"

"ಸುಮ್ನಿರು. ಅವನನ್ನ ಹೆತ್ತವಳು ನಾನು. ಹೇಳೋದಿದ್ರೆ ನಾನೇ ಹೇಳಬೇಕು. ನೀನು ಹೇಳಿದ್ರೆ ನಿನ್ನ ಮೇಲೆ ಪಾಪ ಬರ್ತಿತ್ತು." ಮುದುಕಿ ಚಳಿಯಾದವಳಂತೆ ತನ್ನ ತೋಳುಗಳನ್ನು ತಬ್ಬಿಕೊಂಡಳು. "ಒಬ್ಬನನ್ನ ಕಾದು ಕಾದು ಇನ್ನೊಬ್ಬಳನ್ನೂ ಕಳ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಆಮೇಲೆ ಅವಳು ಅತ್ತಳು. ದೋಣಿ ಬಾರದ ದಿನದಿಂದ ಮೊದಲ ಬಾರಿಗೆ ದನಿ ತೆಗೆದು ಅತ್ತಳು. ಡಿಗ್ನಾ ಅವಳ ಮಡಿಲಲ್ಲಿ ಮುಖ ಹುದುಗಿಸಿದಳು. ಜೊಮೈರಾ ಟ್ಯಾಬ್ಲೆಟ್ ಮುಚ್ಚಿ, ನಾಳೆ ಬರುತ್ತೇನೆಂದು ಮೆಲ್ಲನೆ ಹೊರಟಳು.

ಗುರುವಾರ ರಜೆ ಹಾಕಿ ಡಿಗ್ನಾ ಪೊರ್ತೊವಿಯೆಹೊ ಬಸ್ಸು ಹತ್ತಿದಳು. ಮಧ್ಯಾಹ್ನದ ಊಟಕ್ಕೆ ಕಚೇರಿಯಿಂದ ಹೊರಬಂದ ಫೌಸ್ತೊ, ಎದುರಿನ ಮರದ ನೆರಳಲ್ಲಿ ನಿಂತವಳನ್ನು ಕಂಡು ರಸ್ತೆಯ ನಡುವೆಯೇ ನಿಂತುಬಿಟ್ಟ. ಮೋಟಾರ್ ಬೈಕಿನವನೊಬ್ಬ ಅವನನ್ನು ಬೈದು ಸುತ್ತಿಹೋದ. ಆಮೇಲೆ ಅವನು ಮರದ ನೆರಳಿಗೆ ಬಂದ.

"ಅವತ್ತು ನಾನು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ ನೀವು," ಅಂದಳು ಡಿಗ್ನಾ.

"ನಿಯಮ ಸರಿಯಾಗೇ ಇತ್ತು." ಅವನು ನೆಲ ನೋಡುತ್ತ ಹೇಳಿದ. "ನನ್ನ ಜಾಗದಲ್ಲಿ ಯಾರಿದ್ದರೂ ಎರಡು ಅಂತಲೇ ಒತ್ತಬೇಕಿತ್ತು. ಆದರೆ ಒತ್ತಿದಾಗ... ಒಂದು ಕ್ಷಣ ನನಗೆ ಸಂತೋಷ ಆಯ್ತು. ನೀವು ಕೇಳಿದ್ದು ಅದನ್ನೇ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ."

ಅವಳ ಕಣ್ಣು ತುಂಬಿತು.

"ನನಗೆ ಮೊದಲು ಬಂದದ್ದೂ ಸಿಟ್ಟಲ್ಲ ಫೌಸ್ತೊ. ಎದೆ ಹಗುರಾಯ್ತು. ಅವನಿಲ್ಲ ಅನ್ನೋದನ್ನ ಯಾರೋ ಒಬ್ಬರು ಕೊನೆಗೂ ಹೇಳಿದ್ರಲ್ಲ ಅಂತ. ಸಿಟ್ಟು ಬಂದದ್ದು ಅದಾದ ಮೇಲೆ... ನನ್ನ ಮೇಲೇ ಬಂದದ್ದು. ಅದನ್ನ ನಿಮ್ಮ ಮೇಲೆ ಸುರಿದೆ."

ಅವಳು ಅಂಗೈಯಿಂದ ಕಣ್ಣು ಒರೆಸಿಕೊಂಡಳು.

"ನಾನು ಈಗಲೂ ಕ್ಲೆಬರ್‌ಗಾಗಿ ಅಳ್ತೀನಿ," ಅಂದಳು. "ಮುಂದಕ್ಕೂ ಅಳ್ತೀನಿ. ಸುಳ್ಳು ಹೇಳಲ್ಲ."

"ಅಳಿ. ನಾನು ಪಕ್ಕದಲ್ಲಿ ಕೂತ್ಕೋತೀನಿ. ಏನೂ ಕೇಳಲ್ಲ."

"ಶನಿವಾರ ಅವನ ಹೆಸರಲ್ಲಿ ಚರ್ಚಲ್ಲಿ ಪೂಜೆ ಇಟ್ಟಿದಾರೆ ಅತ್ತೆ. ನಿಮ್ಮನ್ನ ಕರ್ಕೊಂಡು ಬಾ ಅಂದ್ರು."

"ನನ್ನನ್ನ? ಊರವರು ಏನಂತಾರೆ ಡಿಗ್ನಾ?"

"ಅಂತಾರೆ. ಗ್ಲೆಂಡಾ ಒಬ್ಬಳೇ ಸಾಕು, ಎರಡು ವರ್ಷ ಅಂತಾನೇ ಇರ್ತಾಳೆ." ಅಳುವಿನ ನಡುವೆಯೇ ಅವಳ ತುಟಿ ಅರಳಿತು. "ಬರ್ತೀರಾ?"

"ಬರ್ತೀನಿ."

ಶನಿವಾರ ಬೆಳಿಗ್ಗೆ ಎಂಟಕ್ಕೆ ಪೂಜೆ ನಡೆಯಿತು. ಹೆಣವಿಲ್ಲದ ಕಾರಣ ಪೀಠದ ಮುಂದೆ ಕ್ಲೆಬರ್‌ನ ಒಂದು ಅಂಗಿಯನ್ನು ಮಡಿಸಿ ಇಟ್ಟಿದ್ದರು. ಫೌಸ್ತೊ ಕೊನೆಯ ಬೆಂಚಿನಲ್ಲಿ ಕೂತಿದ್ದ. ಪೂಜೆ ಮುಗಿದ ಮೇಲೆ ಬರ್ತಿಲ್ಡ ಅವನ ತೋಳು ಹಿಡಿದು ಸಮುದ್ರದವರೆಗೆ ನಡೆದಳು, ಡಿಗ್ನಾ ಬಿಳಿ ಹೂಗಳನ್ನು ನೀರಿಗೆ ಬಿಟ್ಟಳು.